ಬರಿದಾದ ಪೀಠಕ್ಕೆ ಮುಂದಿನವರಾರು?

ಸಾವು ಹೇಳಿ ಕೇಳಿ ಬರುವುದಿಲ್ಲ. ಮನೆಯ ಯಜಮಾನನು ಕಣ್ಮುಚ್ಚಿದರೆ ಒಂದು ಸಂಸಾರ ತತ್ತರಿಸುತ್ತದೆ. ಅಧಿಕಾರಸ್ಥನು ಕಣ್ಮುಚ್ಚಿದರೆ ನಾಡೇ ಮುಂದೇನೆಂದು ನೋಡಬೇಕಾಗುತ್ತದೆ. ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರದಿದ್ದರೆ ಏನಾಗುತ್ತದೆಂಬುದಕ್ಕೆ ಚಾಮರಾಜನಗರದ ಹೆಸರೇ ಸಾಕ್ಷಿ.

ಅದರ ಹಿಂದಿನ ಹೆಸರು ಅರಿಕುಠಾರ. 1776ರಲ್ಲಿ ಮೈಸೂರಿನ ಅರಸರಾದ ಬೆಟ್ಟದ ಚಾಮರಾಜ ಒಡೆಯರು ಸಂತಾನವಿಲ್ಲದೆ ತೀರಿಕೊಂಡರು. ಆಡಳಿತವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಉತ್ತರಾಧಿಕಾರಿಯನ್ನು ಆರಿಸಿದವನೂ ಅವನೇ. ಅರಸು ಮನೆತನಗಳ ಮಕ್ಕಳ ಮುಂದೆ ಆಟಿಕೆ, ಆಯುಧಗಳನ್ನು ಹರಡಿಸಿ, ಕಠಾರಿ ಹಿಡಿದ ಕೂಸನ್ನು ಆರಿಸಿದನೆಂಬುದು ಐತಿಹ್ಯ. ಆ ಕೂಸೇ 1774ರಲ್ಲಿ ಅರಿಕುಠಾರದಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರು. 1796ರಲ್ಲಿ ಅವರು ಗತಿಸಿದಾಗ ಟಿಪ್ಪುಸುಲ್ತಾನನು ಯಾರಿಗೂ ಪಟ್ಟ ಕಟ್ಟಲಿಲ್ಲ. ಅವರ ಮಗ ಮುಮ್ಮಡಿ ಕೃಷ್ಣರಾಜರು ಸಿಂಹಾಸನವೇರಿದ್ದು 1799ರಲ್ಲಿ, ಇಂಗ್ಲಿಷರ ಇಚ್ಛೆಯಿಂದ. 1818ರಲ್ಲಿ ತಂದೆಯ ಹುಟ್ಟೂರಿಗೆ ತಂದೆಯ ಹೆಸರನ್ನಿಟ್ಟವರು ಅವರೇ. ಕಟ್ಟಳೆಯಿಲ್ಲದ ಕಡೆ ಬಲವುಳ್ಳವನ ಮಾತೇ ಕಟ್ಟಳೆ.

ಅಲ್ಲಿಂದ ಗುಂಡ್ಲುಪೇಟೆ ದೂರವಿಲ್ಲ. ಕಾಲ ಮಾತ್ರ ಬಹುದೂರ ಸಾಗಿದೆ. 2017ರ ಜನವರಿ 3ರಂದು ಆ ಕ್ಷೇತ್ರದ ಶಾಸಕರೂ ಸಹಕಾರ ಸಚಿವರೂ ಆಗಿದ್ದ ಎಚ್. ಎಸ್. ಮಹದೇವಪ್ರಸಾದ್ ಅವರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಹಠಾತ್ತನೆ ನಿಧನರಾದರು. ತೆರವಾದ ಸ್ಥಾನವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕೆಂದು ಪ್ರಜಾಪ್ರತಿನಿಧ್ಯ ಕಾಯಿದೆ ವಿಧಿಸುತ್ತದೆ. ಏಪ್ರಿಲ್ 9ರಂದು ಮತದಾನ ನಡೆದು, ಅವರ ಪತ್ನಿ ಗೀತಾ ಮಹದೇವಪ್ರಸಾದ್ ಗೆದ್ದರು. ಸ್ಥಾನ ಅದೇ ಮನೆಗೆ ಬಂದರೂ ಅದನ್ನು ಕೊಟ್ಟವರು ಮತದಾರರು.

ಶಾಸಕನ ಸ್ಥಾನ ಮೂರು ತಿಂಗಳು ಕಾದೀತು. ಕಚೇರಿಯ ಕುರ್ಚಿ ಕಾಯಲಾರದು. ತಹಶೀಲ್ದಾರರು ಹಠಾತ್ತನೆ ಇಲ್ಲವಾದರೆ ರೈತನ ಪಹಣಿ ತಿದ್ದುಪಡಿಗೂ ವಿಧವೆಯ ಪಿಂಚಣಿಗೂ ಮಂಜೂರಾತಿ ನೀಡುವವರಾರು? ಅದಕ್ಕೆಂದೇ ಸರ್ಕಾರದಲ್ಲಿ ‘ಪ್ರಭಾರ’ದ ಏರ್ಪಾಡಿದೆ: ಇನ್ನೊಬ್ಬ ಅಧಿಕಾರಿಗೆ ಆ ಹೊಣೆಯನ್ನು ಲಿಖಿತ ಆದೇಶದಿಂದ ವಹಿಸಲಾಗುತ್ತದೆ. ಆದೇಶ ತಡವಾದಷ್ಟು ದಿನವೂ ಕಡತಗಳು ಮೇಜಿನ ಮೇಲೆಯೇ ಉಳಿಯುತ್ತವೆ.

ದೇಶದ ಅತ್ಯುನ್ನತ ಪೀಠಕ್ಕೂ ಈ ತೊಡಕು ತಪ್ಪಲಿಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡಾಗ ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಆ ಕಾರ್ಯವನ್ನು ವಹಿಸಿಕೊಂಡರು. ಅವರೂ ಇಲ್ಲವಾದರೆ? ಸಂಸತ್ತು ಅದೇ ತಿಂಗಳು ಶಾಸನ ಮಾಡಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳನ್ನೂ, ಅವರ ನಂತರ ಅಲ್ಲಿಯ ಹಿರಿಯ ನ್ಯಾಯಮೂರ್ತಿಗಳನ್ನೂ ಸಾಲಿನಲ್ಲಿರಿಸಿತು. ಜುಲೈನಲ್ಲಿ ಗಿರಿಯವರು ರಾಜೀನಾಮೆಯಿತ್ತಾಗ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಗಳಾದರು.

ಬದುಕಿರುವಾಗಲೇ ಮುಂದಿನವರ ಹೆಸರನ್ನು ಬರೆದಿಡುವುದು ಅಮಂಗಲವೆಂದು ಕೆಲವರು ಭಾವಿಸುವುದುಂಟು. ಆದರೆ ಅಧಿಕಾರದಲ್ಲಿರುವವರಿಗೆ ಅದು ಪ್ರಜೆಗಳಿಗೆ ಸಲ್ಲಿಸಬೇಕಾದ ಋಣ. ಆ ಬರಹವಿಲ್ಲದಿದ್ದರೆ ಹಸುಳೆಯೊಂದರ ಕೈಗೆ ಸಿಕ್ಕ ಕಠಾರಿಯೇ ಒಂದು ರಾಜ್ಯದ ಅರಸನನ್ನು ನಿರ್ಣಯಿಸೀತು.