ಹಾರಾಟ ನಿಂತ ಮೇಲೆ ವಿಮಾನ ಯಾರದ್ದು?

ಚೆನ್ನೈನ ಕೋಟ್ಟೂರುಪುರದಲ್ಲಿರುವ ಪೆರಿಯಾರ್ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರಕ್ಕೆ ಹೋದವರು ಸಾಮಾನ್ಯವಾಗಿ ಬಿರ್ಲಾ ತಾರಾಲಯದ ಮುಂದಿನ ಪ್ರದರ್ಶನ ಎಷ್ಟು ಗಂಟೆಗೆ ಎಂದು ಕೇಳಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ಆವರಣದಲ್ಲಿರುವ ಯುದ್ಧವಿಮಾನಕ್ಕೆ ಸಿಗುವುದು ಒಂದೆರಡು ಫೋಟೊಗಳ ಮರ್ಯಾದೆ ಮಾತ್ರ. ಅದು ಎಚ್‌ಎಫ್-24 ಮಾರುತ್. ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಮಾರುತ್ ಮೊದಲು ಮೇಲೇರಿದ್ದು 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಮುಂದೆ 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ದಾಸ್ ಅವರು 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಬೆಂಗಳೂರಿನಲ್ಲಿ ಪ್ರಾಣ ಬಿಟ್ಟರು. ಎಚ್‌ಎಎಲ್ ಪಕ್ಕದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಹಿಂದಿನ ಕಥೆ ಗೊತ್ತಿದೆಯೋ!

ಚೆನ್ನೈಗೂ ಈ ವಿಮಾನಕ್ಕೂ ನಂಟಿದೆ. ಮಾರುತ್‌ನ ವಿನ್ಯಾಸಕಾರ, ಜರ್ಮನಿಯ ಕುರ್ಟ್ ಟ್ಯಾಂಕ್, ಎಚ್‌ಎಎಲ್ ಸೇರುವ ಮೊದಲು ಕ್ರೋಂಪೇಟೆಯ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಅಂದರೆ ಎಂಐಟಿಯಲ್ಲಿ ಇದ್ದವರು. ಅದೇ ಕಾಲೇಜಿನಲ್ಲಿ ಓದಿದ ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಅಲ್ಲಿನ ಎರಡು ಹಳೆಯ ವಿಮಾನಗಳನ್ನು ನೆನೆದಿದ್ದಾರೆ. ವಿಮಾನದ ಅಂಗಾಂಗಗಳನ್ನು ತೋರಿಸಿ ಪಾಠ ಮಾಡಲೆಂದು ಇಟ್ಟಿದ್ದವು ಅವು. ಉಳಿದ ಹುಡುಗರು ಹಾಸ್ಟೆಲಿಗೆ ಹೋದ ಮೇಲೂ ಕಲಾಂ ಅವುಗಳ ಹತ್ತಿರ ಕೂತಿರುತ್ತಿದ್ದರಂತೆ. ಸೇವೆಯಿಂದ ಇಳಿದ ವಿಮಾನವನ್ನು ಗುಜರಿಗೆ ಹಾಕದೆ ಕಾಲೇಜಿಗೆ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ರಾಮೇಶ್ವರದ ಬಡ ಹುಡುಗನಿಗೆ ಯಾವ ಶ್ರೀಮಂತನ ಖಾಸಗಿ ಹ್ಯಾಂಗರ್ ಬಾಗಿಲು ತೆರೆಯುತ್ತಿತ್ತು?

ಆದ್ದರಿಂದ ಇಂಥ ವಿಮಾನಗಳು ಸಾರ್ವಜನಿಕರ ಸ್ವತ್ತಾಗಿರಬೇಕು ಎಂಬ ಪಕ್ಷ ನನ್ನದು. ನಮ್ಮಲ್ಲಿ ಬಹುಮಟ್ಟಿಗೆ ಹಾಗೇ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, 2001ರಲ್ಲಿ ಶುರುವಾದ ಎಚ್‌ಎಎಲ್ ಮ್ಯೂಸಿಯಂ, ದೆಹಲಿಯ ಪಾಲಂ, ಪುಣೆಯ ಕಮಲಾ ನೆಹರು ಪಾರ್ಕ್, ಹೀಗೆ ಮಾರುತ್‌ಗಳು ಇರುವುದೆಲ್ಲ ಸರ್ಕಾರದ ಅಥವಾ ನಗರಪಾಲಿಕೆಯ ಜಾಗದಲ್ಲೇ. ಒಂದಂತೂ ಜರ್ಮನಿಯ ಡಾಯ್ಚಸ್ ಮ್ಯೂಸಿಯಂ ಸೇರಿದೆ.

ಆದರೆ ಎಲ್ಲರ ಸ್ವತ್ತಾದದ್ದನ್ನು ನೋಡಿಕೊಳ್ಳುವ ಹೊಣೆ ಯಾರದ್ದು? ಬಯಲಿಗೆ ನಿಲ್ಲಿಸಿದ ವಿಮಾನ ಹೇಗೆ ಹಾಳಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಯೂಮಿನಿಯಂಗೆ ತುಕ್ಕಿಲ್ಲ ಎಂದು ನಾವು ನಂಬಿದ್ದೇವೆ. ವಿಮಾನಕ್ಕೆ ಬಳಸುವ ಗಟ್ಟಿ ಅಲ್ಯೂಮಿನಿಯಂನಲ್ಲಿ ತಾಮ್ರದಂಥ ಲೋಹ ಬೆರೆತಿರುತ್ತದೆ. ಉಪ್ಪಿನ ತೇವ ತಾಗಿದರೆ ಅದು ತಾಳುವುದಿಲ್ಲ. ಉಕ್ಕಿನ ಬೋಲ್ಟು ಈ ತಗಡನ್ನು ಮುಟ್ಟುವ ಕಡೆ ಉಪ್ಪುನೀರು ಸೇರಿತೆಂದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಕ್ರಿಯೆ ಶುರುವಾಗಿ, ತಗಡು ಬಿಳಿ ಪುಡಿಯಾಗಿ ಉದುರುತ್ತದೆ, ಇಲ್ಲವೇ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ವಿಮಾನದ ಹೊಟ್ಟೆಯ ಕೆಳಗೆ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ಎಲೆ, ಕಸ, ಹಕ್ಕಿಗೂಡಿನ ಕಡ್ಡಿ ಬಂದು ಅವು ಕಟ್ಟಿಕೊಂಡರೆ ಮಳೆಗಾಲದ ನೀರೆಲ್ಲ ಒಳಗೇ ನಿಲ್ಲುತ್ತದೆ. ಬಿಸಿಲಿಗೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ ಹಳದಿಯಾಗಿ ಬಿರುಕು ಬಿಡುತ್ತದೆ. ಟೈರುಗಳ ಮೇಲೆ ವರ್ಷಗಟ್ಟಲೆ ಭಾರ ಬಿದ್ದರೆ ಅವು ಕುಸಿಯುತ್ತವೆ. ಸಮುದ್ರ ಕೆಲವೇ ಕಿಲೋಮೀಟರ್ ದೂರವಿರುವ ಚೆನ್ನೈನಂಥ ಊರಿನಲ್ಲಿ ಇದೆಲ್ಲ ಇನ್ನೂ ಬೇಗ.

ಇದಕ್ಕೆ ನಮ್ಮ ಕಚೇರಿಗಳಿಗೆ ತಿಳಿದಿರುವ ಮದ್ದು ಬಣ್ಣ. ಸಮಾರಂಭ ಬಂತೆಂದರೆ ಹಳೆಯದರ ಮೇಲೆ ಹೊಸ ಎನಾಮೆಲ್ ಬಳಿಸುವುದು. ಒಳಗಿನ ಪುಡಿ ಒಳಗೇ ಉಳಿಯುತ್ತದೆ, ಮೇಲಿನ ಸಂಖ್ಯೆ ಮಾತ್ರ ಮುಚ್ಚಿಹೋಗುತ್ತದೆ. ವಿಮಾನದ ಬಾಲದ ಬಳಿಯ ಆ ಸಂಖ್ಯೆ ಬಹಳ ಮುಖ್ಯ. ಯಾವ ಸ್ಕ್ವಾಡ್ರನ್ನಿನಲ್ಲಿತ್ತು, ಯಾರು ಹಾರಿಸಿದರು, ಯಾವ ಯುದ್ಧ ಕಂಡಿತು ಎಂಬುದೆಲ್ಲ ಪತ್ತೆಯಾಗುವುದು ಅದರಿಂದಲೇ.

ಖಾಸಗಿಯವರ ಕೈಗೆ ಹೋದರೆ ಏನಾಗುತ್ತದೆ? ಇದಕ್ಕೂ ಬೆಂಗಳೂರಿನ ಕಥೆಯೇ ಇದೆ, ಜಗತ್ತಿನ ವಿಮಾನಪ್ರಿಯರೆಲ್ಲ ಕೃತಜ್ಞತೆಯಿಂದ ನೆನೆಯುವ ಕಥೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರ ಸುಮಾರು ನೂರು ಬಿ-24 ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಉಳಿದುಕೊಂಡವು. ಮುಂದೆ ಯಾರೂ ಹಾರಿಸಬಾರದೆಂದು ಅವನ್ನು ಬೇಕೆಂದೇ ಕೆಡಿಸಿ ಹೋಗಿದ್ದರು. 1948ರಲ್ಲಿ ಹೊಸ ದೇಶಕ್ಕೆ ಬಾಂಬರ್‌ಗಳು ಬೇಕಾದವು, ಕೊಳ್ಳಲು ಹಣವಿರಲಿಲ್ಲ. ಎಚ್‌ಎಎಲ್‌ನ ತಂತ್ರಜ್ಞರು ಆ ರಾಶಿಯಲ್ಲಿ ಹುಡುಕಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿ ಅಂಥ ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ವಾಯುಪಡೆ ಸೇರಿ, 1968ರವರೆಗೆ ಹಾರಿದವು. ಅಷ್ಟು ಹೊತ್ತಿಗೆ ಉಳಿದ ದೇಶಗಳು ತಮ್ಮವನ್ನು ಹೆಚ್ಚುಕಡಿಮೆ ಕರಗಿಸಿಬಿಟ್ಟಿದ್ದವು. ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಕೆನಡಾದ ವೈಮಾನಿಕ ಮ್ಯೂಸಿಯಂ, ಅಮೆರಿಕದ ಪಿಮಾ ಮ್ಯೂಸಿಯಂನಲ್ಲಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು.

ಇನ್ನೊಂದನ್ನು ಬ್ರಿಟಿಷ್ ಸಂಗ್ರಾಹಕರೊಬ್ಬರು ಕೊಂಡರು. ಅವರಿಂದ ಅದು 1980ರ ದಶಕದಲ್ಲಿ ಅಮೆರಿಕದ ಖಾಸಗಿ ಸಂಸ್ಥೆ ಕಾಲಿಂಗ್ಸ್ ಫೌಂಡೇಷನ್‌ಗೆ ಹೋಯಿತು. ಅವರು ಅದನ್ನು ಬಿಚ್ಚಿ ಕಟ್ಟಿ 1989ರಲ್ಲಿ ಮತ್ತೆ ಹಾರಿಸಿದರು. ಊರಿಂದೂರಿಗೆ ಹಾರಿಸಿಕೊಂಡು ಹೋಗಿ, ಹಣ ಕೊಟ್ಟವರನ್ನು ಕೂರಿಸಿ ಸುತ್ತಿಸಿದರು. ನಾಲ್ಕು ಎಂಜಿನ್‌ಗಳ ಆ ಸದ್ದು ಯಾವ ಸರ್ಕಾರಿ ಮ್ಯೂಸಿಯಂನಲ್ಲೂ ಕೇಳುವುದಿಲ್ಲ. ಖಾಸಗಿಯವರ ಹುಚ್ಚು ಪ್ರೀತಿಯಿಂದ ಆಗುವ ಕೆಲಸವಿದು, ಅದಕ್ಕೆ ಗೌರವ ಕೊಡಲೇಬೇಕು. ಆದರೆ ಅದೇ ಸಂಸ್ಥೆಯ ಇನ್ನೊಂದು ಬಾಂಬರ್, ಬಿ-17, 2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಮಂದಿ ಸತ್ತರು. ವಿಮಾನವೂ ಸುಟ್ಟುಹೋಯಿತು. ಪ್ರಯಾಣಿಕರನ್ನು ಕರೆದೊಯ್ಯುವ ಅನುಮತಿ ಮರುವರ್ಷ ರದ್ದಾಯಿತು. ಖಾಸಗಿ ಸಂಗ್ರಹಕ್ಕೆ ಇನ್ನೊಂದು ಭಯ ಮಾಲೀಕನ ಆಯುಸ್ಸು. ಮೈಕ್ರೋಸಾಫ್ಟ್‌ನ ಪಾಲ್ ಅಲೆನ್ ಸಿಯಾಟಲ್ ಬಳಿ ಕಟ್ಟಿದ್ದ ಅದ್ಭುತ ಸಂಗ್ರಹ ಅವರು 2018ರಲ್ಲಿ ತೀರಿಕೊಂಡ ಮೇಲೆ, 2020ರಲ್ಲಿ ಬಾಗಿಲು ಹಾಕಿತು. ಹೊಸ ಕೈಗೆ ಮಾರಾಟವಾಗಿ 2023ರಲ್ಲಿ ಮತ್ತೆ ತೆರೆದದ್ದು ಅದೃಷ್ಟ.

ನಮ್ಮಲ್ಲಿ ಇವೆರಡರ ನಡುವಿನ ದಾರಿಯೊಂದು ಈಗಾಗಲೇ ಕಾಣಿಸಿದೆ. ಬೆಂಗಳೂರಿನ ಉದ್ಯಮಿ, ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಮಗ ಹಳೆಯ ಡಕೋಟಾ ಒಂದನ್ನು ಕೊಂಡು, ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ದುರಸ್ತಿ ಮಾಡಿಸಿ, ವಾಯುಪಡೆಗೆ ಉಡುಗೊರೆ ಕೊಟ್ಟರು. ಕೊಡುತ್ತೇನೆಂದು ಮೊದಲು ಹೇಳಿದಾಗ ಸರ್ಕಾರ ಒಪ್ಪಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಅದು ಬ್ರಿಟನ್ನಿನಿಂದ ಹಾರಿಯೇ ಜಾಮ್‌ನಗರಕ್ಕೆ ಬಂದಿಳಿಯಿತು. ‘ಪರಶುರಾಮ’ ಎಂದು ಹೆಸರಿಟ್ಟರು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ವಿಪಿ 905 ಎಂಬ ಸಂಖ್ಯೆಯನ್ನೇ ಅದರ ಮೇಲೆ ಬರೆದರು. ದುಡ್ಡೂ ಆಸ್ಥೆಯೂ ಖಾಸಗಿಯವರದ್ದು, ಒಡೆತನ ದೇಶದ್ದು.

ಕೋಟ್ಟೂರುಪುರದ ಮಾರುತ್‌ಗೂ ಇಂಥದ್ದೇ ಏರ್ಪಾಡು ಬೇಕು. ಅದು ಹಾರಬೇಕಿಲ್ಲ, ಅದರ ಎರಡು ಆರ್ಫಿಯಸ್ ಎಂಜಿನ್‌ಗಳಿಗೆ ಇಂದು ಬಿಡಿಭಾಗ ಹುಡುಕುವುದೇ ಹರಸಾಹಸ. ತಲೆಯ ಮೇಲೊಂದು ಸೂರು, ವರ್ಷಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ತೂತುಗಳನ್ನು ಬಿಡಿಸುವ ಕೆಲಸ, ಏನು ಮಾಡಿದರೆಂದು ಬರೆದಿಡುವ ಒಂದು ಪುಸ್ತಕ, ಇಷ್ಟಕ್ಕೆ ಯಾರಾದರೊಬ್ಬರ ಹೆಸರಿನಲ್ಲಿ ಹೊಣೆ ಇದ್ದರೆ ಸಾಕು. ಖರ್ಚನ್ನು ಖಾಸಗಿ ಕಂಪನಿಯೊಂದು ಹೊರಲಿ. ಟ್ಯಾಂಕ್ ಇದ್ದ ಎಂಐಟಿ ಅದೇ ನಗರದಲ್ಲಿದೆ, ಅಲ್ಲಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕೆ? ತಾಂಬರಂನಲ್ಲಿ ವಾಯುಪಡೆಯ ನೆಲೆಯಿದೆ. ಮಾರುತ್‌ಗೆ ರಿವೆಟ್ ಹೊಡೆದ, ಎಂಜಿನ್ ಇಳಿಸಿ ಏರಿಸಿದ ಎಚ್‌ಎಎಲ್‌ನ ಹಳೆಯ ಕೆಲಸಗಾರರು ಈಗ ಎಪ್ಪತ್ತು ದಾಟಿದವರು. ಯಾವ ಮುಚ್ಚಳದ ಹಿಂದೆ ಯಾವ ಬೋಲ್ಟು ಇದೆ ಎಂದು ಬಲ್ಲ ಅವರನ್ನು ಮೊದಲು ಚೆನ್ನೈಗೆ ಕರೆಸಬೇಕು, ಈ ವರ್ಷವೇ.