ನೆರೆಯವನಾಗುವುದು

ಕನ್ನಡದಲ್ಲಿ ‘ನೆರೆ’ ಎಂಬುದು ಬಲು ಸಂಪನ್ನವಾದ ಮಾತು. ಪಕ್ಕದ ಮನೆ ನೆರೆಮನೆ. ಜನ ಒಂದೆಡೆ ಕೂಡಿದರೆ ನೆರೆದರು ಎನ್ನುತ್ತೇವೆ. ಕಷ್ಟಕಾಲಕ್ಕೆ ಒದಗುವುದನ್ನು ನೆರವು ಎಂದು ಕರೆಯುತ್ತೇವೆ. ಹೊಳೆಯ ನೀರು ದಡ ಮೀರಿದಾಗಿನ ನೆರೆಯನ್ನು ಶಕಟರೇಫ ಬಲ್ಲ ಪಂಡಿತರು ಬೇರೆ ಕುಲಕ್ಕೆ ಸೇರಿಸುತ್ತಾರೆ. ಅದು ಹಾಗಿರಲಿ. ಉಳಿದ ಮೂರು ಮಾತುಗಳಾದರೂ ಕಿವಿಗೆ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ಬಳಿಯಲ್ಲಿರುವುದು, ಕೂಡಿಕೊಳ್ಳುವುದು, ಒದಗುವುದು, ಇವು ಬೇರೆ ಬೇರೆ ಅಲ್ಲವೆಂದು ನಮ್ಮ ನುಡಿಯೇ ಸೂಚಿಸುವಂತಿದೆ.

ಕನ್ನಡ ಬೈಬಲನ್ನು ಓದಿದವರಿಗೆ ‘ನೆರೆಯವನು’ ಎಂಬ ಪದ ಚಿರಪರಿಚಿತ. ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸುವುದು, ನೆರೆಯವನನ್ನು ತನ್ನಂತೆಯೇ ಕಾಣುವುದು, ಈ ಎರಡರಲ್ಲಿ ಧರ್ಮಶಾಸ್ತ್ರವೆಲ್ಲ ಅಡಗಿದೆಯೆಂಬುದು ಕ್ರಿಸ್ತನ ಬೋಧೆ. ಆ ಗ್ರಂಥ ಕನ್ನಡಕ್ಕೆ ಬಂದ ಕಥೆಯಲ್ಲಿ ಬಳ್ಳಾರಿಗೆ ಹಿರಿಯ ಸ್ಥಾನವುಂಟು. 1800ರಲ್ಲಿ ನಿಜಾಮನಿಂದ ಕಂಪನಿಯ ವಶಕ್ಕೆ ಬಂದ ಈ ಸೀಮೆಗೆ, ಹತ್ತು ವರ್ಷಗಳ ಅನಂತರ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಪರದೇಶೀಯನೊಬ್ಬನಿಗೆ ಕನ್ನಡ ಕಲಿಯಲು ಅಂದು ಅಚ್ಚಾದ ನಿಘಂಟಾಗಲಿ ವ್ಯಾಕರಣವಾಗಲಿ ಇರಲಿಲ್ಲ. ಇಪ್ಪತ್ತು ವರ್ಷಗಳ ದುಡಿಮೆಯ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. ಅವರ ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದು ಬಳ್ಳಾರಿಯಲ್ಲಿ. 1846ರಲ್ಲಿ ಆರಂಭವಾದ ಶಾಲೆಯೊಂದು ವಾರ್ಡ್ಲಾ ಎಂಬ ಪಾದ್ರಿಯ ಹೆಸರನ್ನು ಇಂದಿಗೂ ಹೊತ್ತಿದೆ.

ಇವರೆಲ್ಲ ತಮ್ಮ ಮತವನ್ನು ಸಾರಲು ಬಂದವರು. ಅದೂ ಕಂಪನಿಯ ಆಳ್ವಿಕೆಯ ನೆರಳಿನಲ್ಲಿ. ಇದನ್ನು ಮರೆಮಾಚಬೇಕಾಗಿಲ್ಲ. ನಿಘಂಟನ್ನು ಬಿಡಿಸಿ ನೋಡುವವನ ಮತ ಯಾವುದೆಂದು ನಿಘಂಟು ಕೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಆದರೂ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪರೋಪಕಾರವೆಂದು ನಾವು ಕರೆಯುವುದರ ಒಳಗೂ ಸ್ವಾರ್ಥ ಅಡಗಿರಬಹುದಲ್ಲವೇ? ಒಬ್ಬನಿಗೆ ಪುಣ್ಯದ ಲೆಕ್ಕ, ಇನ್ನೊಬ್ಬನಿಗೆ ಶಿಲಾಫಲಕದ ಮೇಲಿನ ಹೆಸರು, ಮತ್ತೊಬ್ಬನಿಗೆ ತನ್ನ ಪಂಥದ ಜನಸಂಖ್ಯೆ. ಕೊಡುವ ಕೈಯ ಹಿಂದೆ ಪಡೆಯುವ ಕೈಯೊಂದು ಚಾಚಿಕೊಂಡೇ ಇರುತ್ತದೆ.

ಈ ಸಂಶಯ ಹೊರಗಿನವರು ಮಾತ್ರ ಎತ್ತಿದ್ದಲ್ಲ. ಕ್ರೈಸ್ತ ಚಿಂತಕರೇ ಇದನ್ನು ಕಟುವಾಗಿ ಎತ್ತಿದ್ದಾರೆ. ಹದಿನಾರನೆಯ ಶತಮಾನದ ಮಾರ್ಟಿನ್ ಲೂಥರ್, ಮನುಷ್ಯನ ಮೂಲದೋಷವನ್ನು ವರ್ಣಿಸುವಾಗ, ಅವನು ತನ್ನ ಕಡೆಗೇ ಬಾಗಿಕೊಂಡವನೆಂದ. ಬೆರಳಿನ ಉಗುರು ಹೊರಗೆ ಬೆಳೆಯುವ ಬದಲು ಒಳಕ್ಕೆ ತಿರುಗಿ ಮಾಂಸವನ್ನೇ ಕೊರೆಯುವಂತೆ, ಮನಸ್ಸು ತನ್ನತ್ತಲೇ ತಿರುಗಿ ತನ್ನನ್ನೇ ನೋಯಿಸಿಕೊಳ್ಳುತ್ತದೆ. ಅಂಥ ಮನಸ್ಸು ದೇವರನ್ನು ಹುಡುಕುವಾಗಲೂ ತನ್ನ ಲಾಭವನ್ನೇ ಹುಡುಕುತ್ತದೆ. ಹೀಗಿರುವಾಗ ‘ಸ್ವಾರ್ಥವನ್ನು ಗೆಲ್ಲು’ ಎಂದು ಉಪದೇಶಿಸಿ ಏನು ಫಲ? ಗೆಲ್ಲಬೇಕಾದವನೂ ಆ ‘ನಾನು’. ಸೋಲಬೇಕಾದವನೂ ಆ ‘ನಾನೇ’. ಎಷ್ಟೇ ಪಳಗಿದ ನಟನೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುತ್ತಿದ್ದರು. ಆ ಮಾತು ಇಲ್ಲಿ ಪೂರ್ತಿ ಸಲ್ಲುತ್ತದೆ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕಥೆ ಈ ಬಿಕ್ಕಟ್ಟನ್ನೇ ಬಿಡಿಸುತ್ತದೆಂದು ನನ್ನ ನಂಬಿಕೆ. ಶಾಸ್ತ್ರಜ್ಞನೊಬ್ಬ ಕ್ರಿಸ್ತನನ್ನು ತನ್ನ ನೆರೆಯವನು ಯಾರೆಂದು ಕೇಳುತ್ತಾನೆ. ಕೇಳಿದರೆ ಸಾಧುವಾದ ಪ್ರಶ್ನೆ. ಆದರೆ ಅದರ ಒಳಗಿರುವುದು ಎಲ್ಲೆಯ ವಿಚಾರ. ಎಲ್ಲಿಯವರೆಗೆ ನನ್ನ ಕರ್ತವ್ಯ? ಯಾರನ್ನು ಬಿಟ್ಟರೆ ದೋಷವಿಲ್ಲ? ಉತ್ತರವಾಗಿ ಬಂದದ್ದು ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನೊಬ್ಬ. ದೇವಾಲಯದ ಸೇವೆಯವರಿಬ್ಬರು ನೋಡಿ, ಪಕ್ಕಕ್ಕೆ ಸರಿದು ನಡೆದರು. ಯೆಹೂದ್ಯರೊಡನೆ ಬಳಕೆಯೇ ಇಲ್ಲದ ಸಮಾರ್ಯದ ಕುಲದವನೊಬ್ಬ ಹತ್ತಿರ ಬಂದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ತಗಲಿದರೆ ಹಿಂತಿರುಗುವಾಗ ತೀರಿಸುವೆನೆಂದು ಹೊಣೆ ಹೊತ್ತ. ಒಂದು ನಾಣ್ಯವೆಂದರೆ ಅಂದಿನ ಕೂಲಿಯಾಳಿನ ಒಂದು ದಿನದ ಸಂಬಳ.

ಕಥೆ ಮುಗಿದ ಮೇಲೆ ಕ್ರಿಸ್ತ ಪ್ರಶ್ನೆಯನ್ನೇ ತಿರುವಿಹಾಕುತ್ತಾನೆ. ಗಾಯಾಳುವಿಗೆ ನೆರೆಯವನಾದವನು ಈ ಮೂವರಲ್ಲಿ ಯಾರು ಎಂಬುದು ಅವನ ಪ್ರಶ್ನೆ. ನೆರೆಯವನು ಎಲ್ಲೋ ಸಿದ್ಧನಾಗಿ ಕುಳಿತಿರುವ ವ್ಯಕ್ತಿಯಲ್ಲ. ನಾವು ಹತ್ತಿರ ಹೋದಾಗ ನಾವೇ ನೆರೆಯವರಾಗುತ್ತೇವೆ. ಎಲ್ಲೆಯನ್ನು ಅಳೆಯುತ್ತಿದ್ದವನಿಗೆ ಅಳತೆಗೋಲೇ ಕೈಜಾರಿತು.

ಹತ್ತಿರ ಹೋಗುವ ಬಲ ಎಲ್ಲಿಂದ ಬರಬೇಕು? ಸಂತ ಅಗಸ್ಟೀನ್ ಮೊದಲಾದ ಪ್ರಾಚೀನರು ಈ ಕಥೆಯನ್ನು ಇನ್ನೊಂದು ಬಗೆಯಾಗಿಯೂ ಓದಿದರು. ದಾರಿಯಲ್ಲಿ ಬಿದ್ದವನು ಮನುಷ್ಯಕುಲ. ಎತ್ತಿ ಹೊತ್ತವನು ಕ್ರಿಸ್ತ. ಹಾಗಾದರೆ ಸೇವೆ ಮಾಡುವವನು ಮೊದಲು ಕಾಣಬೇಕಾದದ್ದು ತಾನೂ ಬಿದ್ದಿದ್ದವನು, ತನ್ನನ್ನೂ ಯಾರೋ ಹೊತ್ತರು ಎಂಬುದನ್ನು. ಕ್ರೈಸ್ತ ವಿಶ್ವಾಸದಲ್ಲಿ ಇದಕ್ಕೆ ಕೃಪೆಯೆಂದು ಹೆಸರು. ಸಾಲಕ್ಕೆ ಬಡ್ಡಿ ಕಟ್ಟುವವನ ಸೇವೆಯಲ್ಲಿ ಲೆಕ್ಕವಿರುತ್ತದೆ. ಸಾಲ ಮನ್ನಾ ಆದವನ ಸೇವೆಯಲ್ಲಿ ಕೃತಜ್ಞತೆ ಇರುತ್ತದೆ. ‘ನಾನು’ ತನ್ನೊಡನೆ ಕಾದಾಡಿ ಸೋಲುವುದಿಲ್ಲ. ತನ್ನ ಚಿಂತೆ ಇನ್ನೊಬ್ಬನ ಹೆಗಲಿಗೆ ಹೋಯಿತೆಂದು ಅರಿತಾಗ ಅದು ಹಿಡಿತವನ್ನು ಸಡಿಲಿಸುತ್ತದೆ.

ವಿಚಾರ ಸರಿ, ಆಚರಣೆಯಲ್ಲಿ ಅದು ನಿಲ್ಲುತ್ತದೆಯೇ? ಬಳ್ಳಾರಿ ಸೀಮೆಗೆ ಇದರ ಅಗ್ನಿಪರೀಕ್ಷೆ ಬಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. 1871ರ ಜನಗಣತಿಯಲ್ಲಿ ಸುಮಾರು 9 ಲಕ್ಷ 11 ಸಾವಿರವಿದ್ದ ಈ ಜಿಲ್ಲೆಯ ಜನ, 1881ರ ಹೊತ್ತಿಗೆ ಸುಮಾರು 7 ಲಕ್ಷ 26 ಸಾವಿರಕ್ಕೆ ಇಳಿದಿದ್ದರು. ಐವರಲ್ಲಿ ಒಬ್ಬರ ಲೆಕ್ಕ ಹರಿದುಹೋಗಿತ್ತು. ಸರಕಾರ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, ಖರ್ಚು ತಗ್ಗಿಸುವ ಸಲುವಾಗಿ, ಕ್ಷಾಮಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯದ ಬೆಲೆ ಮತ್ತು ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳಲ್ಲಿ ಆ ಆಜ್ಞೆ ಸಡಿಲಿತು. ಎಲ್ಲೆ ಅಳೆಯುವವನ ಪ್ರಶ್ನೆ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ: ಎಷ್ಟು ಕೊಟ್ಟರೆ ಇವನು ಸಾಯದೆ ಉಳಿದಾನು?

ಅದೇ ಕಾಲದಲ್ಲಿ ಇನ್ನೊಂದು ನಡೆಯೂ ಕಂಡಿತು. 1877ರಲ್ಲಿ ಲಂಡನ್ನಿನ ಮೇಯರರು ತೆರೆದ ಕ್ಷಾಮನಿಧಿಗೆ ಸಾಮಾನ್ಯ ಜನರೂ ಹಣ ಕಳುಹಿಸಿದರು. ಮದರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ ಅದರ ಗೌರವ ಕಾರ್ಯದರ್ಶಿಯಾಗಿ ದುಡಿದರು. ಜಿಲ್ಲೆಗಳ ಸಮಿತಿಗಳಲ್ಲಿ ಪಾದ್ರಿಗಳೂ ಅಧಿಕಾರಿಗಳೂ ಊರ ಪ್ರಮುಖರೂ ಕೂಡಿ ಕುಳಿತರು. ನಿಧಿಯ ಹಣದ ಬಹುಪಾಲು ಮಳೆ ಬಂದ ಮೇಲೆ ರೈತನಿಗೆ ಬೀಜ, ಎತ್ತು ಕೊಳ್ಳಲೂ ಕುಸಿದ ಮನೆಗೆ ಸೂರು ಹೊದಿಸಲೂ ವೆಚ್ಚವಾಯಿತು. ಛತ್ರದವನ ಕೈಗಿತ್ತ ಎರಡು ನಾಣ್ಯದ ಅರ್ಥ ಇದೇ. ಗಾಯ ಕಟ್ಟಿದ ಕೂಡಲೆ ಕೈ ತೊಳೆದುಕೊಳ್ಳಲಾಗದು. ಬಿದ್ದವನು ತನ್ನ ಕಾಲ ಮೇಲೆ ನಿಲ್ಲುವವರೆಗೆ ಹೊಣೆ ಮುಗಿಯುವುದಿಲ್ಲ.

ಹೊಟ್ಟೆಗೆ ಅನ್ನವಿತ್ತು ಮತವನ್ನು ಕೊಂಡರೆಂಬ ಆಕ್ಷೇಪ ಆ ಕಾಲದ ಮಿಷನ್ನುಗಳ ಮೇಲೆ ಉಂಟು. ಅದನ್ನು ತಳ್ಳಿಹಾಕುವುದಕ್ಕಿಂತ ಅದರಿಂದ ಒರೆಗಲ್ಲೊಂದನ್ನು ಪಡೆಯುವುದು ಮೇಲು. ಪಡೆದವನು ನಮ್ಮವನಾಗದೆ ಉಳಿದರೂ, ಪ್ರತಿಯಾಗಿ ಏನನ್ನೂ ಕೊಡಲಾರದವನಾದರೂ, ಸೇವೆ ಮುಂದುವರಿಯುವುದೇ? ಮಂಗಳೂರಿನ ಕಂಕನಾಡಿಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಜರ್ಮನ್ ಮೂಲದ ಯೇಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಹೇಳಲು ನಿಯುಕ್ತರಾದವರು. 1880ರಲ್ಲಿ ಅವರು ಹೋಮಿಯೋಪತಿ ಔಷಧಿಯನ್ನು ಹಂಚಲಾರಂಭಿಸಿದರು. ಆಲದ ಮರದ ಅಡಿಯಲ್ಲಿ ಅದು ಮೊದಲಾಯಿತೆಂದು ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಹದಿನಾರು ವರ್ಷ ಅಂಥ ರೋಗಿಗಳ ನಡುವೆ ಬಾಳಿ, ಅದೇ ರೋಗ ತಗಲಿ ಫಾದರ್ ದಾಮಿಯನ್ ಮಡಿದದ್ದು 1889ರಲ್ಲಿ. ಕಂಕನಾಡಿಯ ಆಶ್ರಯ ಅದರ ಮರುವರ್ಷದ್ದು. ಮನೆಯವರೇ ಹೊರದೂಡಿದವನಿಂದ ಸೇವಕನಿಗೆ ಬರುವ ಲಾಭವೇನು? 1910ರಲ್ಲಿ ಮುಲ್ಲರ್ ತೀರಿಕೊಂಡರು. ಆಸ್ಪತ್ರೆ ಅವರ ಹೆಸರಿನಲ್ಲಿ ಬೆಳೆದಿದೆ.

ಈ ಹಾದಿ ಕ್ರೈಸ್ತರ ಸೊತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಕೊಡುವಾಗ ‘ನಾನು ಕೊಟ್ಟೆ’ ಎಂಬ ಅಹಂಕಾರ ಸುಳಿಯಬಾರದೆಂದು ಶರಣರು ದಾಸೋಹವೆಂಬ ಮಾತನ್ನೇ ಬಳಸಿದರು. ದಾನಿಯಾಗುವ ಬದಲು ದಾಸನಾಗು ಎಂಬುದು ಅದರ ತಿರುಳು. ಸಮಾರ್ಯದವನೂ ಶಾಸ್ತ್ರಜ್ಞನ ಮತದವನಲ್ಲ. ಕ್ರಿಸ್ತ ಬೇಕೆಂದೇ ಹೊರಗಿನವನನ್ನು ಮಾದರಿಯಾಗಿ ನಿಲ್ಲಿಸಿದನೆಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು.

ಇನ್ನು ಇಂದಿನ ಮಾತು. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಿಂದ ಸಿರುಗುಪ್ಪದ ಕಡೆಗೆ ಹಬ್ಬಿದ ಸೀಮೆ ಎರೆನೆಲದ ಸೀಮೆ. 1953ರಿಂದ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದು, ಕ್ಷಾಮದ ಹೆಸರಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಭತ್ತದ ಗದ್ದೆಗಳೆದ್ದವು. ಯೋಜನೆಯ ಉದ್ದೇಶ ನೀರನ್ನು ತೆಳುವಾಗಿ ಹಂಚಿ ಹೆಚ್ಚು ಹೊಲಗಳಿಗೆ ಮುಟ್ಟಿಸುವುದಾಗಿತ್ತು. ಮೇಲುಭಾಗದವರು ಭತ್ತಕ್ಕೆ ಮನಸೋತು ಹೆಚ್ಚು ನೀರು ಹಿಡಿದಾಗ ಕಾಲುವೆಯ ಕೊನೆಭಾಗದ ಹೊಲ ಒಣಗುತ್ತದೆ. ತೂಬಿನ ಬಳಿ ನಿಂತವನಿಗೆ ಆ ಕೊನೆಯ ರೈತನ ಮುಖ ಕಾಣುವುದಿಲ್ಲ. ಅವನ ಊರು ಬೇರೆ, ಜಾತಿ ಬೇರೆ, ಕೆಲವೊಮ್ಮೆ ರಾಜ್ಯವೂ ಬೇರೆ. ‘ಅವನು ನನಗೇನಾಗಬೇಕು?’ ಎಂದು ಕೇಳುವುದು ಸುಲಭ. ಅದು ಆ ಶಾಸ್ತ್ರಜ್ಞನ ಪ್ರಶ್ನೆಯೇ. ತನ್ನ ಸರದಿ ಮುಗಿದೊಡನೆ ತೂಬನ್ನು ಇಳಿಸಿದವನು, ಯಾರೂ ನೋಡದ ರಾತ್ರಿಯಲ್ಲಿ, ಹತ್ತು ಮೈಲಿಯಾಚೆಯ ಅಪರಿಚಿತನಿಗೆ ನೆರೆಯವನಾಗುತ್ತಾನೆ. ಅದಕ್ಕೆ ಫಲಕವಿಲ್ಲ, ಹಾರವಿಲ್ಲ. ಪಡೆದವನಿಗೆ ಕೊಟ್ಟವನು ಯಾರೆಂಬುದೂ ತಿಳಿಯದು.

ಪೇಟೆಯಲ್ಲಿ ವಾಸಿಸುವ ನಮಗೆ ತೂಬಿಲ್ಲದಿರಬಹುದು. ಆದರೆ ಆಸ್ಪತ್ರೆಯ ಸಾಲಿನಲ್ಲಿ, ಕಚೇರಿಯ ಕಡತದಲ್ಲಿ, ಬಾಡಿಗೆಯ ಮನೆಯಲ್ಲಿ, ಮನೆಗೆಲಸದವಳ ಸಂಬಳದಲ್ಲಿ ನಮ್ಮ ನಮ್ಮ ತೂಬುಗಳು ಇದ್ದೇ ಇವೆ. ನಮ್ಮಿಂದ ಕೆಳಗೆ ಯಾರ ಹೊಲವಿದೆಯೆಂದು ದಿನಕ್ಕೊಮ್ಮೆ ವಿಚಾರಿಸಿಕೊಳ್ಳುವುದು ದೊಡ್ಡ ತಪಸ್ಸೇನಲ್ಲ. ಹಾಗೆ ವಿಚಾರಿಸಿಕೊಳ್ಳುತ್ತ ಹೋದವನಿಗೆ ಒಂದು ದಿನ ತನ್ನ ಸ್ವಾರ್ಥ ಎಷ್ಟು ಕರಗಿತೆಂದು ಲೆಕ್ಕ ಹಾಕಲು ಬಿಡುವೇ ಸಿಗಲಾರದು.