ಸೊಂಟದ ನೆಟಿಗೆ ತೆಗೆಸಲು ದುಡ್ಡು ಕಟ್ಟುವ ಮುನ್ನ

ನಾನು ಡಾಕ್ಟರ್ ಅಲ್ಲ, ಅಕೌಂಟೆಂಟ್. ದಿನವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡವನು. ದುಬೈಯ ಗೋಡೌನಿನಲ್ಲಿ ಲೋಡ್ ಎತ್ತುವ, ಟೈಲ್ಸ್ ಹಾಕುವ, ಟ್ರೇಲರ್ ಓಡಿಸುವ ನಿಮ್ಮ ಪಾಡು ನನ್ನದಕ್ಕಿಂತ ಹೆಚ್ಚೇ ಇರುತ್ತದೆ. ಕಳೆದ ವರ್ಷ ಒಂದು ಕ್ಲಿನಿಕ್‌ಗೆ ಹೋದಾಗ, "ಮೂಳೆ ಜಾರಿದೆ, ಕೂರಿಸಬೇಕು. 20 ಸಿಟ್ಟಿಂಗ್. ಈಗಲೇ ಕಟ್ಟಿದರೆ ಡಿಸ್ಕೌಂಟ್" ಅಂದರು. ದುಡ್ಡಿನ ಮಾತು ಬಂದ ಮೇಲೆ ಲೆಕ್ಕ ನೋಡದೆ ಇರೋಕಾಗುತ್ತಾ? ರೂಮಿಗೆ ಬಂದು ಓದಿದೆ.

ಬೆನ್ನನ್ನು ಒತ್ತಿ, ತಿರುಚಿ 'ಲಟಕ್' ಅನ್ನಿಸುವುದಕ್ಕೆ ಸ್ಪೈನಲ್ ಮ್ಯಾನಿಪುಲೇಷನ್ ಅಂತಾರೆ. ಆ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ. ಬೆರಳಿನ ನೆಟಿಗೆ ತೆಗೆದಾಗ ಬರುವಂತೆ, ಕೀಲಿನೊಳಗಿನ ದ್ರವದಲ್ಲಿ ಆಗುವ ಗಾಳಿಗುಳ್ಳೆಯದು.

ಹಾಗಾದರೆ ಗುಣ ಇಲ್ಲವೇ? ಇದೆ, ಸ್ವಲ್ಪ. ಮೂರು ತಿಂಗಳು ದಾಟಿದ ಸೊಂಟನೋವಿನ ಬಗ್ಗೆ ನಡೆದ 47 ಪರೀಕ್ಷೆಗಳನ್ನು, ಅಂದರೆ 9,211 ಜನರ ಮಾಹಿತಿಯನ್ನು, ಒಟ್ಟಿಗೆ ನೋಡಿದ ವರದಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವ್ಯಾಯಾಮದಂಥ ಶಿಫಾರಸಾದ ಚಿಕಿತ್ಸೆಗಳಿಂದ ನೋವು ಎಷ್ಟು ಇಳಿಯುತ್ತದೋ, ಇದರಿಂದಲೂ ಹೆಚ್ಚುಕಡಿಮೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಇದನ್ನು ಮಾಡಿಸಬಹುದು ಎನ್ನುತ್ತದೆ. ಸೊಂಟದ ಬೆಲ್ಟ್ ಮಾತ್ರ ಬೇಡ ಎನ್ನುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಹೇಳಿದ್ದು: ಮಾಡಿಸಿ, ಆದರೆ ವ್ಯಾಯಾಮದ ಜೊತೆಗೇ.

ನಡಿಗೆ, ವ್ಯಾಯಾಮಕ್ಕೆ ದಿರ್ಹಮ್ ಖರ್ಚಿಲ್ಲ. ಅಷ್ಟೇ ಲಾಭಕ್ಕೆ ಊರಿಗೆ ಕಳಿಸೋ ದುಡ್ಡನ್ನು ಮುಂಗಡ ಕಟ್ಟಬೇಡಿ. ಮೊದಲು ಕಂಪನಿಯ ವಿಮೆಯಲ್ಲಿ ಡಾಕ್ಟರ್‌ಗೆ ತೋರಿಸಿ, ಫಿಸಿಯೋಥೆರಪಿ ಎಷ್ಟು ಸಲ ಸಿಗುತ್ತದೆ ಎಂದು ಕೇಳಿ. ದುಬೈಯ 2013ರ 11ನೇ ಕಾನೂನಿನಂತೆ ನೌಕರರ ವಿಮೆಯನ್ನು ಕಂಪನಿಯೇ ಮಾಡಿಸಬೇಕು, ಆ ಹಣವನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ನೆಟಿಗೆ ತೆಗೆಸಲೇಬೇಕು ಅನ್ನಿಸಿದರೆ ದುಬೈ ಹೆಲ್ತ್ ಅಥಾರಿಟಿಯ ಲೈಸೆನ್ಸ್ ಇರುವವರ ಹತ್ತಿರ ಹೋಗಿ, ಒಂದೊಂದು ಸಲಕ್ಕೇ ದುಡ್ಡು ಕೊಡಿ. ಮೂರ್ನಾಲ್ಕು ಸಲಕ್ಕೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಮಾರನೇ ದಿನ ಮೈಕೈ ನೋಯುವುದು ಸಾಮಾನ್ಯ.

ನಾನು ಆ 20 ಸಿಟ್ಟಿಂಗ್‌ಗೆ ಕಟ್ಟಲಿಲ್ಲ. ಫಿಸಿಯೋ ಹೇಳಿಕೊಟ್ಟದ್ದನ್ನು ಮಾಡ್ತೀನಿ, ಸಂಜೆ ನಡೀತೀನಿ. ನೋವು ಪೂರ್ತಿ ಹೋಗಿಲ್ಲ. ಕುರ್ಚಿಯಿಂದ ಏಳುವಾಗ 'ಅಯ್ಯಪ್ಪಾ' ಅನ್ನೋದು ನಿಂತಿದೆ.

ಒಂದು ಮಾತ್ರ ಗಮನದಲ್ಲಿರಲಿ. ಮೇಲಿಂದ ಬಿದ್ದ ಮೇಲೆ ಶುರುವಾದ ನೋವು, ಜೊತೆಗೆ ಜ್ವರ, ಕಾಲಿನ ಬಲ ಕಡಿಮೆಯಾಗುವುದು: ಇವಿದ್ದರೆ ಯಾರ ಕೈಯಲ್ಲೂ ಬೆನ್ನು ಒತ್ತಿಸಿಕೊಳ್ಳಬೇಡಿ, ಆಸ್ಪತ್ರೆಗೇ ಹೋಗಿ. ತೊಡೆಸಂದು ಮರಗಟ್ಟಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಡ್ಯೂಟಿ ಮುಗಿಯಲಿ ಅಂತ ಕಾಯಬೇಡಿ. ಆಂಬ್ಯುಲೆನ್ಸ್ ನಂಬರ್ 998.